ತೊಟ್ಟಿಲಿಗೆ ಕೊಕ್ಕೆಯಿಲ್ಲದ ಮನೆ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ನಲವತ್ತೊಂದನೇ ನಂಬರಿನ ಮನೆ ಸತ್ತಿತು. ಸತ್ತಿತು ಎಂದದ್ದು ಕಾರ್ಖಾನೆಯ ಪರದೆ. ಮನೆಯೊಳಗಿದ್ದವರಿಗೆ ಅದರ ಸುಳಿವೂ ಇರಲಿಲ್ಲ. ಅವರು ಆ ಹೊತ್ತಿಗೆ ನಲವತ್ತು ದಿನದ ಕೂಸನ್ನು ತೊಟ್ಟಿಲಿಗೆ ಹಾಕುವ ಸಂಭ್ರಮದಲ್ಲಿ ಶಾವಿಗೆ ಹುರಿಯುತ್ತಿದ್ದರು.

ಪರದೆಯ ಮುಂದೆ ಕೂತಿದ್ದವಳು ಹುಲಿಗೆಮ್ಮ. ಕುಷ್ಟಗಿ ಸೀಮೆಯ ಬಯಲಿನಲ್ಲಿ ಎದ್ದು ನಿಂತಿದ್ದ ಆ ಮನೆ ಕಾರ್ಖಾನೆಯಲ್ಲಿ ಅವಳದು ನಾಡಿ ಕೊಠಡಿಯ ಕೆಲಸ. ಅಲ್ಲಿ ತಯಾರಾಗುವ ಪ್ರತಿಯೊಂದು ಚಾವಣಿ ಹಲಗೆಯ ಒಳಗೂ ಕೂದಲಿಗಿಂತ ತೆಳುವಾದ ಒಂದು ಗಾಜಿನ ಎಳೆ ಇರುತ್ತದೆ. ಅದರಲ್ಲಿ ಬೆಳಕು ಹರಿಯುತ್ತಿರುತ್ತದೆ. ಹಲಗೆ ಬಾಗಿದರೆ, ಹಿಗ್ಗಿದರೆ, ಬಿರಿದರೆ ಬೆಳಕು ತಡವರಿಸುತ್ತದೆ. ಎಲ್ಲಿ ತಡವರಿಸಿತು, ಯಾವಾಗ ತಡವರಿಸಿತು ಎಂಬುದೆಲ್ಲ ಈ ಕೊಠಡಿಗೆ ಬಂದು ದಾಖಲಾಗುತ್ತದೆ. ಇದಕ್ಕೆ ಮನೆಯ ನಾಡಿ ಎಂದು ಹೆಸರಿಟ್ಟಿದ್ದರು. ಎಳೆ ಪೂರ್ತಿ ಕಡಿದುಹೋದರೆ ಪರದೆಯ ಮೇಲೆ ಮನೆಯ ನಂಬರು ಕಪ್ಪಾಗುತ್ತದೆ. ಕಳೆದ ತಿಂಗಳಿಂದ ಹೀಗೆ ಕಪ್ಪಾದ ಮನೆಗಳಲ್ಲಿ ಇದು ಹತ್ತೊಂಬತ್ತನೆಯದು.

ಸರ್ಕಾರಿ ಮನೆಗಳನ್ನು ಕೈಯಿಂದ ಕಟ್ಟುವುದನ್ನು ಕಾಯಿದೆ ಮಾಡಿ ನಿಲ್ಲಿಸಿ ಆಗಲೇ ಒಂಬತ್ತು ವರ್ಷವಾಗಿತ್ತು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವುದು ಹಿಂದುಳಿದವರ ಲಕ್ಷಣ, ಇನ್ನು ಮುಂದೆ ಮನೆಗಳೂ ಬಿಸ್ಕತ್ತಿನ ಹಾಗೆ ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯಲ್ಲಿ ಬರಬೇಕು ಎಂದು ಘೋಷಣೆಯಾಯಿತು. ಅದಕ್ಕೊಂದು ಪ್ರೋತ್ಸಾಹ ಮಂಡಳಿ ಹುಟ್ಟಿತು. ಕಾರ್ಖಾನೆಗೆ ನೆಲ, ನೀರು, ಕರೆಂಟು, ಬೆನ್ನು ತಟ್ಟುವ ಕೈ ಎಲ್ಲವೂ ಮಂಡಳಿಯಿಂದಲೇ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಮೊದಲರ್ಧವನ್ನು ನಾವು ರದ್ದು ಮಾಡಿದ್ದೇವೆ ಎಂದು ಮಂತ್ರಿಯೊಬ್ಬರು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೂ ಉಂಟು. ಗಾದೆಯನ್ನು ರದ್ದು ಮಾಡುವುದು ಸುಲಭ. ಗಾದೆ ಹೇಳಿದ ಕಷ್ಟ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಹುಲಿಗೆಮ್ಮನಿಗೆ ಯಂತ್ರದ ಮೇಲೆ ಸಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಅದರ ಮೇಲೆ ಪ್ರೀತಿಯೇ ಇತ್ತು. ಗೌಂಡಿಯ ಮಗಳು ಅವಳು. ಸಾರುವೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಸತ್ತ ಅಪ್ಪನನ್ನು ಕಂಡವಳು. ಯಾರೂ ಬೀಳದೆ ಮನೆಯೊಂದು ಏಳುವುದಾದರೆ ಅದಕ್ಕಿಂತ ಬೇರೆ ಏನು ಬೇಕು ಎಂದುಕೊಂಡೇ ಡಿಪ್ಲೊಮಾ ಓದಿ ಈ ಕೆಲಸಕ್ಕೆ ಸೇರಿದ್ದಳು. ನಾಡಿಯ ಎಳೆಯನ್ನು ಹಲಗೆಯೊಳಗೆ ಹಾಯಿಸುವುದನ್ನು ಮೊದಲ ಸಲ ಕಂಡಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು.

ಕಪ್ಪಾದ ಮನೆಗೆ ಹೋಗಿ ಕಾರಣ ನೋಡಿ ಬರುವುದೂ ಅವಳದೇ ಕೆಲಸ. ಮಧ್ಯಾಹ್ನ ಜೀಪು ಹತ್ತಿ ಕಾಲೊನಿಗೆ ಹೋದಳು. ಕಲ್ಲುಗಣಿಯ ಕೆಲಸಗಾರರಿಗಾಗಿ ಐದು ತಿಂಗಳ ಹಿಂದೆ ಅಲ್ಲಿ ಅರವತ್ತೆರಡು ಮನೆಗಳನ್ನು ಎಂಟೇ ದಿನದಲ್ಲಿ ಎಬ್ಬಿಸಿದ್ದರು. ಗುಲಾಬಿ ಬಣ್ಣದ ಗ್ರಾನೈಟನ್ನು ನೆಲದಿಂದ ಸೀಳಿ ತೆಗೆಯುವ ಈ ಜನ ಅಲ್ಲಿಯತನಕ ತಗಡಿನ ಶೆಡ್ಡುಗಳಲ್ಲಿ ಇದ್ದವರು. ಅವರು ತೆಗೆದ ಕಲ್ಲು ಯಾವ ಯಾವ ದೇಶದ ನೆಲಕ್ಕೋ ಹಾಸಾಗಿತ್ತು, ಅವರದೇ ನೆಲಕ್ಕೆ ಸಗಣಿಯೇ ಗತಿಯಾಗಿತ್ತು.

ನಲವತ್ತೊಂದನೇ ಮನೆಯ ಬಾಗಿಲಲ್ಲಿ ಕಾಶಿಂಬಿ ನಿಂತಿದ್ದಳು. ಮಗಳು ಶಮ್ಶಾದ್ ಒಳಗೆ ಗೋಡೆಗೊರಗಿ ಕೂತಿದ್ದಳು. ಚಾವಣಿಯ ನಟ್ಟನಡುವೆ ಉಕ್ಕಿನ ಕೊಕ್ಕೆ, ಕೊಕ್ಕೆಗೆ ಹಗ್ಗ, ಹಗ್ಗಕ್ಕೆ ತೊಟ್ಟಿಲು, ತೊಟ್ಟಿಲಲ್ಲಿ ಕೂಸು. ಉಳಿದ ಹದಿನೆಂಟು ಮನೆಗಳಲ್ಲೂ ಹುಲಿಗೆಮ್ಮ ಕಂಡದ್ದು ಇದನ್ನೇ. ಕೂಸಿದ್ದ ಮನೆಗಳೆಲ್ಲ ಸತ್ತಿದ್ದವು.

ಕೂತ್ಕೋ ಎಂದು ಕಾಶಿಂಬಿ ಪಾಯಸದ ಬಟ್ಟಲನ್ನು ಕೈಗಿಟ್ಟಳು. ಚಾವಣಿಗೆ ತೂತು ಹೊಡೆಯಬಾರದು ಎಂದು ಕೀಲಿಕೈ ಕೊಡುವ ದಿನವೇ ಹೇಳಿದ್ದೆವಲ್ಲ ಎಂದು ಹುಲಿಗೆಮ್ಮ ಮೆಲ್ಲಗೆ ನೆನಪಿಸಿದಳು. ಹೇಳಿದ್ದು ನಿಜ, ಆದರೆ ಕೂಸನ್ನು ಎಲ್ಲಿ ತೂಗಬೇಕು ಎಂದು ಹೇಳಿರಲಿಲ್ಲ ಎಂದಳು ಕಾಶಿಂಬಿ. ಅವಳ ಮಾತಿನಲ್ಲಿ ಜಗಳವಿರಲಿಲ್ಲ, ನಿಜವಾದ ಬೆರಗಿತ್ತು.

"ತಗಡಿನ ಶೆಡ್ಡಿನಾಗೂ ಒಂದ್ ತೊಲಿ ಇತ್ತವ್ವಾ, ಅದಕ್ಕ ತೊಟ್ಟಲಾ ಕಟ್ತಿದ್ವಿ. ಇಷ್ಟ್ ದೊಡ್ಡ ಮಷೀನ್ ತಂದವ್ರು ಒಂದ್ ಕೊಕ್ಕಿ ಇಡಾಕ ಮರತಾರಂದ್ರ, ಅವ್ರ ಮನಿಯಾಗ ಕೂಸs ಹುಟ್ಟಿಲ್ಲೇನು?"

ಈ ಮಾತನ್ನು ಹುಲಿಗೆಮ್ಮನೇ ಹಲಗೆಯ ಅಚ್ಚು ತಯಾರಾಗುವಾಗ ಕಾರ್ಖಾನೆಯಲ್ಲಿ ಎತ್ತಿದ್ದಳು. ಪ್ರತಿ ಹಲಗೆಗೊಂದು ಕೊಕ್ಕೆ ಒಳಗೇ ಎರಕವಾಗಿ ಬರಲಿ, ನಮ್ಮ ಕಡೆ ತೊಟ್ಟಿಲಿಲ್ಲದ ಮನೆ ಇಲ್ಲ ಎಂದಿದ್ದಳು. ಅಚ್ಚು ಬದಲಾದರೆ ಮಂಡಳಿಯಿಂದ ಹೊಸದಾಗಿ ಒಪ್ಪಿಗೆ ತರಬೇಕು, ಒಪ್ಪಿಗೆಗೆ ಏಳು ತಿಂಗಳು ಬೇಕು, ಅಷ್ಟರಲ್ಲಿ ಪ್ರೋತ್ಸಾಹದ ಗಡುವು ಮುಗಿಯುತ್ತದೆ ಎಂದು ಅದನ್ನು ಅಲ್ಲಿಗೇ ಬಿಟ್ಟರು.

ಕಾಶಿಂಬಿಯ ಅಳಿಯ ರಾಜಾಬಕ್ಷಿ ಗಣಿಯಿಂದ ಊಟಕ್ಕೆ ಬಂದವನು ಕೊಕ್ಕೆಯ ಕೆಳಗೆ ನಿಂತು ತಾನು ಅದನ್ನು ಹೇಗೆ ಹಾಕಿದೆ ಎಂದು ವಿವರಿಸಿದ. ಅವನು ಕಲ್ಲಿಗೆ ಕುಳಿ ಹೊಡೆಯುವವನು. ಗಣಿಯಲ್ಲಿ ಯಾರೂ ಕಂಡಲ್ಲಿ ಕುಳಿ ಹೊಡೆಯುವುದಿಲ್ಲ. ಮೊದಲು ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗುತ್ತಾರೆ, ಸದ್ದು ಕೇಳುತ್ತಾರೆ, ಗಟ್ಟಿಯೆಲ್ಲಿ ಟೊಳ್ಳೆಲ್ಲಿ ಎಂದು ಕಿವಿಯಲ್ಲೇ ಗುರುತು ಹಾಕಿಕೊಂಡು ಆಮೇಲೆ ಬೈರಿಗೆ ಇಡುತ್ತಾರೆ. ಇಲ್ಲೂ ಹಾಗೆಯೇ ಮಾಡಿದ್ದ. ಚಾವಣಿಯನ್ನೆಲ್ಲ ತಟ್ಟಿ ನೋಡಿ, ನಡುವೆ ಒಂದು ಗೇಣಗಲದ ಪಟ್ಟಿ ಗಂಟೆಯ ಹಾಗೆ ನುಡಿಯುವುದನ್ನು ಕೇಳಿ, ಅಲ್ಲೇ ತೂತು ಹೊಡೆದಿದ್ದ. ಅಂಚಿನಲ್ಲಿ ಒಂದು ಚೂರೂ ಚಕ್ಕೆ ಎದ್ದಿರಲಿಲ್ಲ.

ಹುಲಿಗೆಮ್ಮನಿಗೆ ಆಗ ಹತ್ತೊಂಬತ್ತು ಮನೆಗಳ ಕಥೆ ಒಮ್ಮೆಗೇ ತಿಳಿಯಿತು. ಹಲಗೆಯ ನಡುವಿನ ದಪ್ಪ ಪಟ್ಟಿಯೇ ಎಲ್ಲಕ್ಕಿಂತ ಗಟ್ಟಿಯಾದ ಜಾಗ. ನಾಡಿಯ ಎಳೆಗೆ ಪೆಟ್ಟು ಬೀಳಬಾರದೆಂದು ಅದನ್ನು ಹಾಯಿಸಿದ್ದೂ ಆ ಪಟ್ಟಿಯೊಳಗೇ. ಬೇರೆ ಯಾರಾದರೂ ಆಗಿದ್ದರೆ ಸಿಕ್ಕಲ್ಲಿ ತೂತು ಹೊಡೆದು ಹತ್ತರಲ್ಲಿ ಒಂಬತ್ತು ಸಲ ಎಳೆಯನ್ನು ತಪ್ಪಿಸುತ್ತಿದ್ದರು. ಇವರು ಕಲ್ಲಿನ ಜನ. ಕೂಸಿನ ಭಾರಕ್ಕೆ ಗಟ್ಟಿ ಜಾಗವೇ ಬೇಕೆಂದು ಹುಡುಕಿದರು, ಹತ್ತೊಂಬತ್ತು ಮನೆಗಳಲ್ಲೂ ಎಳೆಯನ್ನೇ ಕಡಿದರು. ಕೆಲಸ ಬಲ್ಲವರಾಗಿದ್ದೇ ಅವರ ತಪ್ಪಾಯಿತು.

ಹೊರಡುವ ಮುನ್ನ ರಾಜಾಬಕ್ಷಿ ಇನ್ನೊಂದು ಮಾತು ಹೇಳಿದ. ಗೋಡೆಯ ಮೇಲೆ ಹಲಗೆ ಕೂತಿರುವ ಮೂಡಣ ತುದಿಯಲ್ಲಿ ಸದ್ದು ಸರಿಯಿಲ್ಲ, ಒಳಗೇ ಪುಡಿಯಾದ ಕಲ್ಲಿನ ಹಾಗೆ ಬದ್ದೆನ್ನುತ್ತದೆ, ಅದಕ್ಕೇ ಆ ಕಡೆ ಹೋಗಲಿಲ್ಲ ಎಂದ. ಹುಲಿಗೆಮ್ಮ ಸ್ಟೂಲು ಹತ್ತಿ ನೋಡಿದಳು. ಗೋಡೆ ಮತ್ತು ಚಾವಣಿ ಸೇರುವಲ್ಲಿ ಉಗುರಿನ ಅಂಚಿನಷ್ಟು ಸಪೂರದ ಬಿರುಕು ಇತ್ತು. ಕೆಳಗೆ ಕಪಾಟಿನ ಮೇಲೆ ಬೂದುಬಣ್ಣದ ಹುಡಿ ಬಿದ್ದಿತ್ತು. ತೂತು ಇದ್ದದ್ದು ಅಲ್ಲಿಂದ ಆರು ಅಡಿ ಆಚೆ.

ಸಂಜೆ ಮನೆಗೆ ಬಂದು ಅವ್ವನಿಗೆ ಇದನ್ನು ಹೇಳಿದಳು. ಅವ್ವ ದ್ಯಾಮವ್ವ ಮೂವತ್ತು ವರ್ಷ ಬೇರೆಯವರ ಮನೆಗಳಿಗೆ ನೀರುಣಿಸಿದವಳು. ಹೊಸ ಗೋಡೆಗೆ, ಹೊಸ ಚಾವಣಿಗೆ ಗೋಣಿಚೀಲ ಹೊದಿಸಿ ಬೆಳಿಗ್ಗೆ ಸಂಜೆ ನೀರು ಹೊಡೆಯುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಕಾಯಿದೆ ಬಂದ ಮೇಲೆ ಆ ಕೆಲಸ ಹೋಗಿ, ಈಗ ಮನೆಯಲ್ಲಿ ಕೂತು ರೊಟ್ಟಿ ಬಡಿದು ಮಾರುತ್ತಾಳೆ. ಕಾರ್ಖಾನೆಯಲ್ಲಿ ಯಾರು ನೀರು ಹೊಡೆಯುತ್ತಾರೆ ಎಂದು ಅವಳು ಕೇಳಿದಳು. ನೀರಲ್ಲ, ಹಬೆ ಎಂದಳು ಹುಲಿಗೆಮ್ಮ. ಎರಕವಾದ ಹಲಗೆಯನ್ನು ಹಬೆಯ ಕೋಣೆಯಲ್ಲಿ ಹದಿನಾಲ್ಕು ತಾಸು ಇಟ್ಟರೆ ಹದಿನಾಲ್ಕು ದಿನ ನೀರುಣಿಸಿದಷ್ಟೇ ಗಟ್ಟಿಯಾಗುತ್ತದೆ. ದ್ಯಾಮವ್ವ ರೊಟ್ಟಿಯನ್ನು ತಿರುವಿ ಹಾಕಿ, ಹದಿನಾಲ್ಕು ತಾಸು ಇಟ್ಟಿದ್ದರೇ ಎಂದು ಕೇಳಿದಳು. ಅದು ಹುಲಿಗೆಮ್ಮನಿಗೆ ಗೊತ್ತಿರಲಿಲ್ಲ.

ಮರುದಿನ ಗೊತ್ತುಮಾಡಿಕೊಂಡಳು. ಆ ಅರವತ್ತೆರಡು ಮನೆಗಳ ಚಾವಣಿ ಹಲಗೆಗಳೆಲ್ಲ ಎರಕವಾದದ್ದು ಮಾರ್ಚ್ ತಿಂಗಳಲ್ಲಿ. ಸರ್ಕಾರಿ ವರ್ಷ ಮುಗಿಯುವ ಮಾರ್ಚ್ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹನ್ನೊಂದು ತಿಂಗಳು ಮಲಗಿದ ಕಡತ ಆ ತಿಂಗಳಲ್ಲಿ ಎದ್ದು ಓಡುತ್ತದೆ. ಮಂಡಳಿಯ ನಿಯಮ ಇಷ್ಟೇ: ಮಾರ್ಚ್ ಮೂವತ್ತೊಂದರೊಳಗೆ ಇಷ್ಟು ಸಾವಿರ ಹಲಗೆ ಗೇಟಿನಿಂದ ಹೊರಬಿದ್ದರೆ ಮುಂದಿನ ವರ್ಷವೂ ಪ್ರೋತ್ಸಾಹ, ಇಲ್ಲದಿದ್ದರೆ ಇಲ್ಲ. ಹಬೆಯ ಕೋಣೆಯ ದಾಖಲೆಯಲ್ಲಿ ಮಾರ್ಚ್ ಹತ್ತರವರೆಗೆ ಹದಿನಾಲ್ಕು ತಾಸು ಇತ್ತು, ಹನ್ನೊಂದರಿಂದ ಒಂಬತ್ತು, ಇಪ್ಪತ್ತರಿಂದ ಆರು. ಸರ್ಕಾರಕ್ಕೆ ಎಣಿಸಲು ಬರುತ್ತದೆ, ಮುಟ್ಟಿ ನೋಡಲು ಬರುವುದಿಲ್ಲ. ಹಲಗೆ ಬೆಂದಿದೆಯೋ ಇಲ್ಲವೋ ಎಂದು ಕೇಳುವ ಅಂಕಣವೇ ಅವರ ನಮೂನೆಯಲ್ಲಿ ಇರಲಿಲ್ಲ.

ಆಮೇಲೆ ಅವಳು ನಾಡಿಯ ಹಳೆಯ ದಾಖಲೆಗಳನ್ನು ಬಿಚ್ಚಿದಳು. ಮಂಡಳಿಗೆ ಹೋಗುವುದು ಎಳೆ ಕಡಿಯಿತೇ ಇಲ್ಲವೇ ಎಂಬುದು ಮಾತ್ರ. ಎಷ್ಟು ಹಿಗ್ಗಿತು ಎಂಬುದು ಕೊಠಡಿಯ ಯಂತ್ರದಲ್ಲೇ ಉಳಿದಿರುತ್ತದೆ, ಹಿಗ್ಗು ಒಂದು ಗೆರೆ ದಾಟಿದರೆ ಗಂಟೆ ಬಾರಿಸಬೇಕು. ಗಂಟೆ ಬಾರಿಸಿರಲಿಲ್ಲ. ಯಾಕೆಂದರೆ ಏಪ್ರಿಲ್ ತಿಂಗಳಲ್ಲಿ ಯಾರೋ ಆ ಗೆರೆಯನ್ನೇ ಎತ್ತಿ ಮೂರುಪಟ್ಟು ಮೇಲಿಟ್ಟಿದ್ದರು. ನಲವತ್ತೊಂದನೇ ಮನೆಯ ಹಲಗೆ ಮೂಡಣ ತುದಿಯಲ್ಲಿ ಹಿಗ್ಗಲು ಶುರುವಾಗಿ ಎಪ್ಪತ್ತು ದಿನವಾಗಿತ್ತು. ಆಗ ಕೂಸು ಇನ್ನೂ ಹುಟ್ಟಿಯೇ ಇರಲಿಲ್ಲ.

ಬೆಳಗಿನಿಂದ ಮಧ್ಯಾಹ್ನದತನಕ ಅವಳು ಒಂದೊಂದೇ ಮನೆಯನ್ನು ನೋಡುತ್ತ ಹೋದಳು. ಕೊಕ್ಕೆ ಇದ್ದದ್ದು ಹತ್ತೊಂಬತ್ತು ಮನೆಗಳಲ್ಲಿ. ಹಿಗ್ಗಿದ್ದು ಮೂವತ್ತೆಂಟು ಮನೆಗಳು. ಹಸಿಯಾಗಿದ್ದಾಗಲೇ ಎತ್ತಿದ ಹಲಗೆಯಲ್ಲಿ ಒಳಗಿನ ಕಬ್ಬಿಣದ ಸರಳಿಗೆ ಸಿಮೆಂಟು ಬಿಗಿಯಾಗಿ ಅಂಟಿರುವುದಿಲ್ಲ. ಗೋಡೆಯ ಮೇಲೆ ಕೂತ ತುದಿಯಲ್ಲಿ ಸರಳು ದಿನಕ್ಕಿಷ್ಟು ದಿನಕ್ಕಿಷ್ಟು ಜಾರುತ್ತದೆ. ಎಲ್ಲಕ್ಕಿಂತ ಹೆಚ್ಚು ಜಾರಿದ್ದು ಒಂದನೇ ನಂಬರಿನ ಮನೆಯದು. ಅದು ಮಾದರಿ ಮನೆ. ಉದ್ಘಾಟನೆಯ ದಿನ ರಿಬ್ಬನ್ನು ಕತ್ತರಿಸಿ ಬೀಗ ಹಾಕಿದ ಮೇಲೆ ಅದರೊಳಗೆ ಯಾರೂ ಕಾಲಿಟ್ಟಿರಲಿಲ್ಲ, ಕೊಕ್ಕೆಯಂತೂ ದೂರದ ಮಾತು. ಅದರ ನಾಡಿ ಇನ್ನೂ ಮಿಡಿಯುತ್ತಿತ್ತು, ಮಿಡಿಯುತ್ತಲೇ ನನ್ನನ್ನು ನೋಡಿ ಎನ್ನುತ್ತಿತ್ತು.

ಕಾರ್ಖಾನೆಯ ವ್ಯವಸ್ಥಾಪಕ ನಿರಂಜನ ಬಾದಾಮಿ ಅವಳ ಮಾತನ್ನು ಪೂರ್ತಿ ಕೇಳಿದರು. ಅವರು ಕೆಟ್ಟ ಮನುಷ್ಯರೆಂದು ಹೇಳಿಬಿಟ್ಟರೆ ಕಥೆ ಸಲೀಸಾಗುತ್ತಿತ್ತು, ಆದರೆ ಅವರು ಹಾಗಿರಲಿಲ್ಲ. ಕೆಲಸದಾಳುಗಳ ಮಕ್ಕಳ ಫೀಜಿಗೆ ಕೈಯಿಂದ ಕೊಟ್ಟವರು. ಬಾಗಿಲು ಹಾಕಿ ಬಂದು ಕೂತು, ಗೆರೆಯನ್ನು ಎತ್ತಿಟ್ಟವನು ನಾನೇ ಎಂದು ಒಪ್ಪಿಕೊಂಡರು.

"ಟೈಮ್ ಕೊಡ್ರಿ ಅಂತ ಮಂಡಳಿಗೆ ಮೂರ್ ಸಲ ಬರದೀನಿ ಹುಲಿಗೆಮ್ಮ. ಮೂರೂ ಸಲ ಅವರು ಕೇಳಿದ್ದು ಒಂದs, ಎಷ್ಟ್ ಹಲಗಿ ಆದುವು ಅಂತ."

ಆಮೇಲೆ ಅವರು ಮೇಜಿನ ಮೇಲಿದ್ದ ವರದಿಯನ್ನು ಅವಳ ಕಡೆ ಸರಿಸಿದರು. ಹತ್ತೊಂಬತ್ತು ಮನೆಗಳಿಗೆ ನಿವಾಸಿಗಳೇ ಹಾನಿ ಮಾಡಿದ್ದಾರೆ, ಮನೆ ಬಿಡಿಸಿ ವಾಪಸು ಪಡೆಯಬೇಕು ಎಂದು ಅದರಲ್ಲಿತ್ತು. ನಿಯಮದ ಪ್ರಕಾರ ನಾಡಿ ಕೊಠಡಿಯವರ ಸಹಿ ಇಲ್ಲದೆ ಅದು ಊರ್ಜಿತವಲ್ಲ. ತಪ್ಪು ಹಲಗೆಯದೆಂದು ಬರೆದರೆ ಪ್ರೋತ್ಸಾಹ ನಿಲ್ಲುತ್ತದೆ, ಪ್ರೋತ್ಸಾಹ ನಿಂತರೆ ಕಾರ್ಖಾನೆ ಮುಚ್ಚುತ್ತದೆ, ನಾನೂರು ಜನರ ಒಲೆ ಆರುತ್ತದೆ, ಅದರಲ್ಲಿ ನಿನ್ನದೂ ಒಂದು ಎಂದರು. ಮಳೆಗಾಲ ಕಳೆದ ಮೇಲೆ ಸದ್ದಿಲ್ಲದೆ ಒಂದೊಂದೇ ಚಾವಣಿಗೆ ಕಂಬ ಕೊಡೋಣ ಎಂದೂ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದು ಹುಲಿಗೆಮ್ಮ ಕೇಳಿದ್ದಳು. ಇಲ್ಲಿ ಎಮ್ಮೆಯಿಂದಲೇ ತಪ್ಪೊಪ್ಪಿಗೆ ಬರೆಸಿಕೊಳ್ಳುವ ಏರ್ಪಾಡೂ ಇತ್ತು.

ಅವಳು ವರದಿಯನ್ನು ಹಿಂದೆ ಸರಿಸಿ, "ಕೆಳಗ ಮಲಗಿದ ಕೂಸಿನ ಸುದ್ದಿ ಯಾವ ಅಂಕಣದಾಗ ಬರೀಲಿ ಸರ್?" ಎಂದಳು. ಬಾದಾಮಿ ಕಿಟಕಿಯ ಕಡೆ ನೋಡಿದರು. ಗುರುವಾರ ಮಂಡಳಿಯ ಉಪನಿರ್ದೇಶಕರು ಕಾಲೊನಿಗೇ ಬಂದು ವಿಚಾರಣೆ ನಡೆಸುತ್ತಾರೆ, ಅಷ್ಟರಲ್ಲಿ ಯೋಚನೆ ಮಾಡು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು ಮುಗಿಸಿದರು.

ನೋಟಿಸು ಮಾತ್ರ ಅಂದೇ ಹೋಯಿತು. ಹತ್ತೊಂಬತ್ತು ಬಾಗಿಲುಗಳ ಮೇಲೆ ಅಂಟಿಸಿದರು. ಉಳಿದ ಮನೆಯವರು ಚಾವಣಿಗೆ ಏನನ್ನೂ ತೂಗುಹಾಕುವುದಿಲ್ಲವೆಂದು ಹೆಬ್ಬೆಟ್ಟು ಒತ್ತಿ ಕೊಡಬೇಕಾಯಿತು. ಸಂಜೆಯ ಹೊತ್ತಿಗೆ ಹುಲಿಗೆಮ್ಮ ಅಲ್ಲಿಗೆ ಹೋದಾಗ ಶಮ್ಶಾದ್ ಕೂಸನ್ನು ಕಾಲಮೇಲೆ ಹಾಕಿಕೊಂಡು ಅಲ್ಲಾಡಿಸುತ್ತ ಕೂತಿದ್ದಳು, ಕೊಕ್ಕೆ ಬೋಳಾಗಿ ತೂಗುತ್ತಿತ್ತು. ತಾನು ಮನೆ ಕೆಡಿಸಿದೆ ಎಂದು ರಾಜಾಬಕ್ಷಿ ನಂಬಿಬಿಟ್ಟಿದ್ದ. ಹೊರಗೆ ಬಂದು ಯಾರ ಮುಖವನ್ನೂ ನೋಡದೆ, ತಟ್ಟಿ ನೋಡಿಯೇ ಹೊಡೆದೆ ಅಕ್ಕಾರ, ಎಲ್ಲಿ ತಪ್ಪಿತೋ ತಿಳಿಯಲಿಲ್ಲ ಎಂದು ಮತ್ತೆ ಮತ್ತೆ ಹೇಳಿದ. ಹುಲಿಗೆಮ್ಮನಿಗೆ ಮೈ ಉರಿಯಿತು. ಬಾದಾಮಿಯವರ ಬಾಗಿಲು ಹಾಕಿದ ಕೋಣೆಯಲ್ಲಿ ಬಾರದ ಸಿಟ್ಟು ಈ ಮನುಷ್ಯನ ಬಗ್ಗಿದ ಕುತ್ತಿಗೆ ಕಂಡು ಬಂತು. ಮನೆ ಕಸಿಯುವುದು ಒಂದು ಅನ್ಯಾಯ. ಕೈಯ ಮೇಲಿನ ನಂಬಿಕೆಯನ್ನೂ ಕಸಿಯುವುದಕ್ಕೆ ಏನೆನ್ನಬೇಕು?

ತಪ್ಪು ನಿನ್ನದಲ್ಲ, ಆ ತುದಿಯ ಕೆಳಗೆ ಯಾರೂ ಮಲಗಬೇಡಿ ಎಂದು ಅವಳು ಹೇಳಿದಳು. ಬೀಗ ಹಾಕಿದ ಮಾದರಿ ಮನೆ ಬಿಟ್ಟು ಹಿಗ್ಗಿದ್ದ ಉಳಿದ ಮನೆಗಳ ಬಾಗಿಲನ್ನೆಲ್ಲ ತಟ್ಟಿ ಅದನ್ನೇ ಹೇಳಿದಳು. ಕೆಲವರು ಹಾಸಿಗೆಯನ್ನು ಅಂಗಳಕ್ಕೆ ಎಳೆದರು. ಹಲವರು ನಂಬಲಿಲ್ಲ, ಕಾರ್ಖಾನೆಯವರೇ ಮನೆ ಬಿಡಿಸಲು ಹೂಡಿದ ಹೊಸ ಆಟ ಇದು ಎಂದುಕೊಂಡರು. ಅವರನ್ನು ದೂರುವ ಹಾಗೂ ಇರಲಿಲ್ಲ.

ಮನೆಗೆ ಬಂದು ಹಬೆಯ ತಾಸುಗಳ ವಿಷಯ ಅವ್ವನಿಗೆ ತಿಳಿಸಿದಾಗ ದ್ಯಾಮವ್ವ ಹಿಟ್ಟಿನ ಕೈಯನ್ನು ಕೊಡವಿದಳು.

"ಬಾಣಂತೀನ ಮೂರನೇ ದಿನಕ್ಕ ಎಬ್ಬಿಸಿ ಕಟಿಗಿ ಹೊರಸಿದಂಗಾತು. ನಿಂತಂಗ ಕಾಣ್ತಾಳ, ಒಳಗ ಏನೂ ಕೂಡಿರಂಗಿಲ್ಲ. ನೀ ಸಹಿ ಹಾಕಿದಿ ಅಂದ್ರ ನಾ ನಿನ್ ಕೈಯಾಗ ನೀರು ಕುಡಿಯಂಗಿಲ್ಲ."

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಉಪನಿರ್ದೇಶಕ ತಿಪ್ಪೇಸ್ವಾಮಿ ಬಂದರು. ಮಾದರಿ ಮನೆಯ ಮುಂದೆ ಶಾಮಿಯಾನ ಹಾಕಿ, ಮೇಜಿಗೆ ಹಸಿರು ಬಟ್ಟೆ ಹೊದಿಸಿದ್ದರು. ಚಿತ್ರದುರ್ಗದ ಕಡೆಯ ಮನುಷ್ಯ, ನಗುಮುಖ. ಆಧುನಿಕ ವಿಧಾನಕ್ಕೆ ಜನರೂ ಆಧುನಿಕರಾಗಬೇಕು ಎಂದು ಅರ್ಧ ಗಂಟೆ ಮಾತಾಡಿದರು. ಸರ್ಕಾರ ನಿಮಗೆ ಬಾಯಿ ಇರುವ ಮನೆ ಕೊಟ್ಟಿದೆ, ನೀವು ಅದರ ನಾಲಿಗೆ ಕತ್ತರಿಸಿದ್ದೀರಿ ಎಂದರು. ಹೆಂಗಸರು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಕೇಳಿದರು. ಆಮೇಲೆ ವರದಿ ಓದಲು ಹುಲಿಗೆಮ್ಮನನ್ನು ಕರೆದರು.

ಅವಳು ಎದ್ದು ನಿಂತು, ತನಗೆ ಕೊಟ್ಟ ವರದಿಯನ್ನು ಮೇಜಿನ ಮೇಲಿಟ್ಟು, ತಾನು ಬರೆದು ತಂದದ್ದನ್ನು ಓದಿದಳು. ಹದಿನಾಲ್ಕು ತಾಸು ಆರಾದದ್ದನ್ನು, ಗೆರೆ ಮೇಲೇರಿದ್ದನ್ನು, ಮೂವತ್ತೆಂಟು ಮನೆಗಳ ಹೆಸರು ನಂಬರುಗಳನ್ನು ಓದಿದಳು. ಬಾದಾಮಿ ಎದ್ದು, ಇದನ್ನು ಓದಲು ಈಕೆಗೆ ಅಧಿಕಾರವಿಲ್ಲ ಎಂದರು. ಉಪನಿರ್ದೇಶಕರು ಹಾಳೆಯನ್ನು ತೆಗೆದುಕೊಂಡು ತಿರುಗಿಸಿ ನೋಡಿ, ಇದು ನಿಗದಿತ ನಮೂನೆಯಲ್ಲಿ ಇಲ್ಲವಲ್ಲ ಎಂದು ವಾಪಸು ಕೊಟ್ಟರು. ಚಾವಣಿ ತಲೆಯ ಮೇಲೆ ಬೀಳುವಾಗಲೂ ನಿಗದಿತ ನಮೂನೆಯಲ್ಲೇ ಬೀಳಬೇಕೇನೋ.

ಹುಲಿಗೆಮ್ಮ ಹಾಳೆಯನ್ನು ಮಡಿಸಲಿಲ್ಲ. ಕೊಕ್ಕೆಯಿಂದಲೇ ಕೆಟ್ಟಿದ್ದರೆ ಕೊಕ್ಕೆ ಇಲ್ಲದ ಮನೆ ಚೆನ್ನಾಗಿರಬೇಕಲ್ಲವೇ, ನಿಮ್ಮ ಬೆನ್ನ ಹಿಂದೆಯೇ ಒಂದನೇ ನಂಬರಿನ ಮನೆ ಇದೆ, ಬಾಗಿಲು ತೆಗೆಸಿ ಹೊರಗೆ ನಿಂತೇ ಒಮ್ಮೆ ನೋಡಿ ಎಂದಳು. ಉಪನಿರ್ದೇಶಕರಿಗೆ ಆ ಮಾತು ಹಿಡಿಸಿತು. ಕಿಡಿಗೇಡಿತನ ತಾಗದ ಮನೆ ಹೇಗಿರುತ್ತದೆ ಎಂದು ಈ ಜನರಿಗೂ ತೋರಿಸಿದ ಹಾಗಾಗುತ್ತದೆ, ಅಲ್ಲೇ ಕೂತು ಚಹಾ ಕುಡಿದು ಆದೇಶಕ್ಕೆ ಸಹಿ ಹಾಕೋಣ ಎಂದು ಎದ್ದರು. ಕೀಲಿಕೈ ಕಾರ್ಖಾನೆಯಲ್ಲೇ ಉಳಿದಿದೆ ಎಂದರು ಬಾದಾಮಿ. ಕಾವಲುಗಾರ ಪಾಪದವನು, ನನ್ನ ಹತ್ತಿರವೇ ಇದೆ ಸಾರ್ ಎಂದು ಓಡಿ ಬಂದು ಬೀಗ ತೆಗೆದ.

ಜನರೆಲ್ಲ ಹಿಂದೆ ಬಂದು ಅರ್ಧಚಂದ್ರಾಕಾರದಲ್ಲಿ ನಿಂತರು. ಮುಚ್ಚಿದ್ದ ಮನೆಯ ಬಿಸಿಗಾಳಿ ಹೊರಗೆ ಬಂತು. ಒಳಗೆ ಸೋಫಾ, ಗೋಡೆಗೆ ಗಡಿಯಾರ, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು. ಎಲ್ಲದರ ಮೇಲೂ ಬೂದುಬಣ್ಣದ ಹುಡಿ. ಉಪನಿರ್ದೇಶಕರು ಯಾರದೇ ಮನೆಗೆ ಹೋಗುವವರ ಹಾಗೆ ಗೋಡೆಗೆ ಕೈಯಾನಿಸಿ ಒಂದೊಂದಾಗಿ ಬೂಟು ಕಳಚಿದರು. ಹುಲಿಗೆಮ್ಮ ಮುಂದೆ ಬಂದು, ಒಳಗೆ ಹೋಗಬೇಡಿ, ನಿನ್ನೆಯಿಂದ ಅದರ ಹಿಗ್ಗು ಎರಡುಪಟ್ಟಾಗಿದೆ, ಇಲ್ಲಿಂದಲೇ ನೋಡಿ ಎಂದಳು. ಅವರು ಅವಳ ಹೆಗಲಿನಾಚೆ ಜನರ ಕಡೆ ನೋಡಿ ನಕ್ಕರು.

"ಸರ್ಕಾರದ್ದೇ ಮನೆ ಕಣಮ್ಮ ಇದು. ನಮ್ ಮನೆಗೆ ನಾವೇ ಹೆದ್ರುಕೊಂಡ್ರೆ ಹೆಂಗೆ?"

ಹಾಗೆಂದು ಹೊಸ್ತಿಲ ಆಚೆ ಕಾಲೆತ್ತಿದರು. ಎತ್ತಿದ ಕಾಲು ನೆಲ ಮುಟ್ಟುವ ಮೊದಲೇ ಹಿಂದಿನಿಂದ ಒಂದು ಕೈ ಬಂದು ಅವರ ತೋಳನ್ನು ಹಿಡಿದು ಎಳೆಯಿತು. ಮರ್ಯಾದೆಗೆ ಹಿಡಿಯುವ ಹಿಡಿತವಲ್ಲ ಅದು. ಬಾವಿಯ ಅಂಚಿನಲ್ಲಿ ಜಾರಿದವರನ್ನು ಹಿಡಿಯುವ ಹಿಡಿತ. ಅವರು ಎರಡು ಹೆಜ್ಜೆ ಹಿಂದಕ್ಕೆ ಮುಗ್ಗರಿಸಿದರು. ತಿರುಗಿ ನೋಡಿದರೆ ಬಾದಾಮಿ.

"ಬ್ಯಾಡ್ರಿ ಸರ್," ಎಂದರು ಬಾದಾಮಿ, ಉಸಿರಿನಲ್ಲೇ.

ಅದನ್ನು ಎಲ್ಲರೂ ಕೇಳಿದರು. ಉಪನಿರ್ದೇಶಕರು ಮೇಲೆ ನೋಡಿದರು. ಮೂಡಣ ಗೋಡೆಯ ಉದ್ದಕ್ಕೂ ಚಾವಣಿ ಮತ್ತು ಗೋಡೆಯ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು, ಅದರೊಳಗಿಂದ ಆಕಾಶದ ಬೆಳಕು ಕಾಣುತ್ತಿತ್ತು. ಅವರು ಬಗ್ಗಿ ಬೂಟು ಹಾಕಿಕೊಂಡರು. ಲೇಸು ಕಟ್ಟಲು ಅವರ ಕೈಗೆ ಬಹಳ ಹೊತ್ತು ಹಿಡಿಯಿತು.

ಕಾಶಿಂಬಿ ಮುಂದೆ ಬಂದು ಬಾದಾಮಿಯವರ ಎದುರಿಗೆ ನಿಂತಳು. ಬೈಯುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳ ದನಿ ಏರಲೇ ಇಲ್ಲ.

"ಸಾಹೇಬ್ರ ಕೈ ಹಿಡದು ಎಳದ್ರಲ್ಲಪ್ಪ, ಚೊಲೋ ಮಾಡಿದ್ರಿ. ಐದ್ ತಿಂಗಳಿಂದ ನಾವು ಇದರ ಬುಡಕs ಮಲಗೇವಿ. ನಮ್ ಕೈ ಹಿಡದು ಎಳಿಯಾಕ ನಿಮಗ ಒಂದಿನಾನೂ ಅನಸಲಿಲ್ಲೇನ್ರಿ?"

ಉಪನಿರ್ದೇಶಕರು ಕಾರಿನ ಕಡೆ ನೋಡಿ, ಮಂಡಳಿಯ ಜೊತೆ ಚರ್ಚಿಸಿ ತಿಳಿಸುತ್ತೇನೆ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು. ಹುಲಿಗೆಮ್ಮ ತನ್ನ ಹಾಳೆಯನ್ನು ಮತ್ತೆ ಮೇಜಿನ ಮೇಲಿಟ್ಟು, ಎಲ್ಲರೂ ನೋಡುತ್ತಿರುವಾಗಲೇ ಅದಕ್ಕೆ ಸಹಿ ಹಾಕಿ, ಸ್ವೀಕರಿಸಿದ್ದೇನೆ ಎಂದು ನೀವೂ ಸಹಿ ಮಾಡಿ ಎಂದು ಅವರ ಮುಂದೆ ಹಿಡಿದಳು. ಅವರು ತೆಗೆದುಕೊಳ್ಳಲಿಲ್ಲ.

ಆಗ ರಾಜಾಬಕ್ಷಿ ತನ್ನ ಮನೆಯೊಳಗೆ ಹೋಗಿ ತೊಟ್ಟಿಲನ್ನು ಹೊತ್ತು ತಂದು ಕಾರಿನ ಮುಂದೆ ಇಟ್ಟ. ಶಮ್ಶಾದ್ ಅದರಲ್ಲಿ ಕೂಸನ್ನು ಮಲಗಿಸಿ ಪಕ್ಕದಲ್ಲಿ ಕೂತಳು. ನಿನ್ನೆ ಸಂಜೆ ಹುಲಿಗೆಮ್ಮನ ಮಾತು ನಂಬದವರೂ ಈಗ ಮನೆಗಳಿಗೆ ನುಗ್ಗಿದರು. ಅರವತ್ತೊಂದು ಮನೆಗಳಿಂದ ಹಾಸಿಗೆ, ಪೆಟ್ಟಿಗೆ, ಒಲೆ, ಕೊಡ, ಮಂಚಗಳು ಹೊರಬಿದ್ದವು. ಮನೆ ಬಿಡಿ ಎಂದು ನೋಟಿಸು ಕೊಟ್ಟವರ ಕಣ್ಣೆದುರೇ ಇಡೀ ಕಾಲೊನಿ ಮನೆ ಬಿಟ್ಟು ರಸ್ತೆಯಲ್ಲಿ ಕೂತಿತು. ಕಾರಿನ ಹಿಂದೆ ಯಾರೋ ಒಲೆ ಹೂಡಿದರು. ಚಾಲಕ ಎರಡು ಸಲ ಹಾರ್ನ್ ಬಾರಿಸಿದ, ಕೂಸು ಎದ್ದು ಅತ್ತಿತು, ಅವನು ಎಂಜಿನ್ ನಿಲ್ಲಿಸಿಬಿಟ್ಟ.

ಹುಲಿಗೆಮ್ಮ ಹಾಳೆ ಹಿಡಿದ ಕೈಯನ್ನು ಇಳಿಸದೆ ನಿಂತೇ ಇದ್ದಳು. ಬಿಸಿಲು ನೆತ್ತಿಗೆ ಬಂದಿತ್ತು. ಶಾಮಿಯಾನದಡಿ ಜನರ ಹಾಸಿಗೆ, ಪೆಟ್ಟಿಗೆಗಳು ತುಂಬಿಹೋಗಿದ್ದವು. ಸುತ್ತ ಎಲ್ಲೂ ಹೋಗಿ ನಿಲ್ಲಲು ಮನೆಯ ನೆರಳು ಬಿಟ್ಟು ಬೇರೆ ನೆರಳಿರಲಿಲ್ಲ, ಅಲ್ಲಿಗೆ ಹೋಗಲು ಉಪನಿರ್ದೇಶಕರಿಗೆ ಧೈರ್ಯವಿರಲಿಲ್ಲ. ಕೊನೆಗೆ ಅವರು ಅವಳ ಕೈಯ ಹಾಳೆಯನ್ನು ತೆಗೆದುಕೊಂಡು, ಜೇಬಿನಿಂದ ಪೆನ್ನು ತೆಗೆದು, ಎಲ್ಲಿ ಸಹಿ ಮಾಡಬೇಕು ಎಂದು ಕೇಳಿದರು.